ರುದ್ರಪ್ಪ ದಾಟದ ಕೆಂಪು ಹಲಗೆ

ಟ್ರೆಡ್‌ಮಿಲ್ ಹತ್ತುವ ಮೊದಲು ರುದ್ರಪ್ಪ ಪ್ಯಾಂಟಿನ ಜೇಬುಗಳನ್ನು ಹೊರಕ್ಕೆ ಎಳೆದು ತೋರಿಸಿದ. ಒಂದರಲ್ಲಿ ಕರವಸ್ತ್ರ, ಇನ್ನೊಂದರಲ್ಲಿ ಏನೂ ಇಲ್ಲ. ಆಮೇಲೆ ಎರಡೂ ಕೈಗಳನ್ನು ಮೇಲೆತ್ತಿ, ಕಾಲುಗಳನ್ನು ಕೊಂಚ ಅಗಲಿಸಿ, ಯಾರೋ ಬಂದು ಮೈ ತಡವಿ ನೋಡಲೆಂದು ಕಾಯುವವನಂತೆ ನಿಂತ. ಎತ್ತಿದ ಬಲಗೈ ನಡುಗುತ್ತಿತ್ತು.

ವ್ಯಾಯಾಮ ಮಾಡಿಸುವ ಹುಡುಗಿ ಧೃತಿ ಕಕ್ಕಾಬಿಕ್ಕಿಯಾಗಿ ಅವನ ಹೆಂಡತಿಯ ಕಡೆ ನೋಡಿದಳು.

“ಕಾಕು, ಇವ್ರು ಏನ್ ಮಾಡ್ತಿದಾರೆ?”

“ತಪಾಸಣಿಗೆ ನಿಂತಾರ. ಬೀಡಿ, ಬೆಂಕಿಪೆಟಿಗಿ ಅದಾವೇನು ನೋಡಿ ಒಳಗ ಬಿಡವಾ,” ಎಂದಳು ಕಾಶಿಬಾಯಿ. ಅವಳ ಮುಖದಲ್ಲಿ ನಗೆಯಿರಲಿಲ್ಲ. ಮೂವತ್ತು ವರ್ಷ ದಿನವೂ ಕಾರ್ಖಾನೆಯ ಬಾಗಿಲಲ್ಲಿ ಹೀಗೆ ಕೈ ಎತ್ತಿ ನಿಂತ ಗಂಡಸು, ಹೊಸ ಯಂತ್ರ ಕಂಡ ಕೂಡಲೇ ಮತ್ತೆ ಕೈ ಎತ್ತಿದ್ದರಲ್ಲಿ ಅವಳಿಗೆ ನಗುವಂಥದ್ದೇನೂ ಕಾಣಲಿಲ್ಲ.

ಧೃತಿ ವಾಯುಪಡೆಯಲ್ಲಿದ್ದ ದಾವಣಗೆರೆಯವರೊಬ್ಬರ ಮಗಳು. ನಾಗಪುರದಲ್ಲೇ ಬೆಳೆದವಳು; ಕನ್ನಡ ಆಡಬಲ್ಲಳು, ಓದಲಾರಳು. ಆದರೆ ಮನುಷ್ಯರನ್ನು ಓದಬಲ್ಲಳು. ರುದ್ರಪ್ಪನ ಅಂಗಿಯ ಮೇಲೆ ಮೆಲ್ಲಗೆ ತಟ್ಟಿ ನೋಡಿ, “ಚಲೋ ಕಾಕಾ, ಪಾಸ್. ಅಂದರ್ ಬನ್ನಿ,” ಎಂದಳು. ರುದ್ರಪ್ಪ ಕೈ ಇಳಿಸಿದ. ಧಂತೋಲಿಯ ಆ ಚಿಕಿತ್ಸಾಲಯಕ್ಕೆ ಬರುವಾಗ ಇರದಿದ್ದ ಗತ್ತಿನಿಂದ ಪಟ್ಟೆಯ ಮೇಲೆ ಕಾಲಿಟ್ಟ.

ಬೈಲಹೊಂಗಲದ ಕಡೆಯ ರುದ್ರಪ್ಪ ನಾಗಪುರಕ್ಕೆ ಬಂದದ್ದು ಮೀಸೆ ಇನ್ನೂ ದಟ್ಟವಾಗದ ವಯಸ್ಸಿನಲ್ಲಿ. ಊರಾಚೆಯ ಸರಕಾರಿ ಮದ್ದುಗುಂಡಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ಅದೂ ಮದ್ದು ತುಂಬುವ ವಿಭಾಗದಲ್ಲಿ. ಕೆಲಸಗಾರರ ಬಾಯಲ್ಲಿ ಆ ಕಟ್ಟಡಗಳ ಹೆಸರು ಡೇಂಜರ್ ಬಿಲ್ಡಿಂಗ್. ಒಳಗೆ ಹೋಗುವವನ ಮೈಮೇಲೆ ಲೋಹದ ಚೂರು ಇರಕೂಡದು. ಉಂಗುರ, ಉಡದಾರದ ಬೆಳ್ಳಿ, ಅಂಗಿಯ ತಗಡಿನ ಗುಂಡಿ, ಎಲ್ಲವೂ ಹೊರಗೆ. ರುದ್ರಪ್ಪನ ಕೊರಳಲ್ಲಿ ಬೆಳ್ಳಿಯ ಕರಡಿಗೆಯಿತ್ತು, ಕರಡಿಗೆಯಲ್ಲಿ ಲಿಂಗವಿತ್ತು. ಲಿಂಗವನ್ನು ಬಿಚ್ಚಿಡುವಂತಿಲ್ಲ, ಬೆಳ್ಳಿಯನ್ನು ಒಯ್ಯುವಂತಿಲ್ಲ. ಸೇರಿದ ವಾರದಲ್ಲೇ ಅವನು ಕರಡಿಗೆಯನ್ನು ಟ್ರಂಕಿನಲ್ಲಿಟ್ಟು, ಲಿಂಗವನ್ನು ಬಿಳಿಯ ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡ. ನಿವೃತ್ತನಾದ ಮೇಲೂ ಅರಿವೆಯೇ ಉಳಿಯಿತು. ಬೆಳ್ಳಿ ಈಗ ಭಾರವೆನಿಸುತ್ತದೆ ಎನ್ನುತ್ತಾನೆ.

ಆ ಕಟ್ಟಡದ ಬಾಗಿಲ ಒಳಗೆ, ಮೊಣಕಾಲಿಗಿಂತ ತಗ್ಗಾಗಿ, ಕೆಂಪು ಬಳಿದ ಒಂದು ಅಡ್ಡಹಲಗೆ. ಹಲಗೆಯ ಈಚೆ ಹೊರಗಿನ ಮಣ್ಣು, ಮರಳು, ಬೂಟಿನ ಮೊಳೆ, ಆಚೆ ಮದ್ದು. ಬಂದವನು ಹಲಗೆಯ ಮೇಲೆ ಕುಳಿತು ಹೊರಗಿನ ಬೂಟು ಕಳಚಬೇಕು, ಕಾಲುಗಳನ್ನು ಆಚೆಗೆ ತಿರುಗಿಸಬೇಕು, ಅಲ್ಲಿಟ್ಟಿರುವ ಮೊಳೆಯಿಲ್ಲದ ಬೂಟು ತೊಡಬೇಕು. ಹೊರಗಿನ ಬೂಟಿನಲ್ಲಿ ಸಿಕ್ಕಿಕೊಂಡು ಬಂದ ಒಂದು ಕಲ್ಲಿನ ಹರಳು ಸಾಕು, ಕಿಡಿಯೇಳಲು. ರುದ್ರಪ್ಪ ದುಡಿದಷ್ಟು ಕಾಲವೂ ಅವನ ಕಟ್ಟಡದಲ್ಲಿ ಕಿಡಿಯೇಳಲಿಲ್ಲ. ಅವನ ಬದುಕಿನ ಸಾಧನೆ ಏನೆಂದು ಕೇಳಿದರೆ, ಏನೂ ಆಗದೆ ಉಳಿದದ್ದೇ ಸಾಧನೆ. ಅಂಥದ್ದಕ್ಕೆ ಯಾರೂ ಶಾಲು ಹೊದಿಸುವುದಿಲ್ಲ.

ನಿವೃತ್ತಿಯ ಮೇಲೆ ಅವನಿಗೆ ಒಂದೇ ಒಂದು ಚಟ ಅಂಟಿಕೊಂಡಿತು. ದತ್ತವಾಡಿಯ ಮನೆಯಿಂದ ಹೊರಟು, ಓಣಿ ಮುಗಿಸಿ, ರಸ್ತೆ ದಾಟಿದರೆ ಒಂದು ಪೋಹೆಯ ಗಾಡಿ. ಬಿಸಿ ಅವಲಕ್ಕಿಯ ಮೇಲೆ ಕಡಲೆಕಾಳಿನ ಖಾರವಾದ ತರ್ರಿ ಸುರಿದು ಕೊಡುತ್ತಾರೆ. ಕಾರ್ಖಾನೆಯ ಹಳಬರೆಲ್ಲ ಬೆಳಿಗ್ಗೆ ಅಲ್ಲಿ ಸೇರುತ್ತಾರೆ. ಅವರ ಮುಖಂಡ ವಾನಖೇಡೆ, ಒಂದೇ ಹಲಗೆಯ ಮೇಲೆ ರುದ್ರಪ್ಪನ ಪಕ್ಕ ಕುಳಿತು ಬೂಟು ಬದಲಿಸಿದವನು. ಸತ್ತವರ, ಪಿಂಚಣಿ ತಡವಾದವರ, ಸೊಸೆಯ ಜೊತೆ ಕೂಡದವರ ಸುದ್ದಿಯೆಲ್ಲ ಅಲ್ಲಿ ಹಂಚಿಕೆಯಾಗುತ್ತದೆ. ರುದ್ರಪ್ಪ ಮಾತು ಕಡಿಮೆಯ ಮನುಷ್ಯ. ಆದರೆ ಅಲ್ಲಿ ನಿಂತು ಕೇಳದಿದ್ದರೆ ಅವನಿಗೆ ಬೆಳಗಾದಂತೆಯೇ ಅಲ್ಲ.

ಮೊದಲು ಬಲಗೈಯ ಹೆಬ್ಬೆರಳು, ಕಾಣದ ಮಣಿಯನ್ನು ಉರುಳಿಸುವಂತೆ ಆಡತೊಡಗಿತು. ವೈದ್ಯರು ಕಂಪವಾತ ಎಂದರು. ಮಿದುಳಿನ ರೋಗ, ಗುಣವಾಗುವುದಿಲ್ಲ, ಹಿಡಿತದಲ್ಲಿಡಬಹುದು. ಆಮೇಲೆ ಹೆಜ್ಜೆ ಗಿಡ್ಡವಾಯಿತು. ಆಮೇಲೆ, ನಡೆಯುತ್ತ ನಡೆಯುತ್ತ, ಬಾಗಿಲು ಬಂದಲ್ಲಿ ಅಂಗಾಲು ನೆಲಕ್ಕೆ ಮೆತ್ತಿಕೊಂಡಂತೆ ನಿಂತುಬಿಡತೊಡಗಿತು. ಮೈ ಮುಂದೆ ಹೋಗುತ್ತದೆ, ಕಾಲು ಬರುವುದಿಲ್ಲ. ಒಂದು ಬೆಳಿಗ್ಗೆ ಪೋಹೆಗೆಂದು ಹೊರಟವನು ಮನೆಯ ಹೊಸ್ತಿಲಲ್ಲೇ ಮುಂದಕ್ಕೆ ಬಿದ್ದ. ಹುಬ್ಬು ಹರಿಯಿತು.

ಅಂದಿನಿಂದ ಕಾಶಿಬಾಯಿ ಗೇಟಿಗೆ ಬೀಗ ಹಾಕಿದಳು. ಕೀಲಿ ಅವಳ ಸೊಂಟದಲ್ಲಿ.

“ನಾ ಕೈ ಹಿಡ್ಕೊಂಡ ಕರ್ಕೊಂಡ ಹೋಗ್ತೀನಿ, ನಡೀರಿ,” ಎಂದಳು.

“ಹೆಂಡ್ತಿ ಕೈ ಹಿಡ್ಕೊಂಡ ಪೋಹೆ ತಿನ್ನಾಕ ಬಂದವನನ್ನ ವಾನಖೇಡೆ ಜೀವಸಹಿತ ಬಿಡ್ತಾನೇನ?”

“ಹಂಗಾದ್ರ ಮನಿಗೇ ತರಸ್ತೀನಿ.”

“ಅದು ಗಾಡಿ ಮುಂದ ನಿಂತ ತಿನ್ನೂದೈತಿ, ಕಾಶಿ. ಮನ್ಯಾಗ ತಿಂದ್ರ ಬರೇ ಅವಲಕ್ಕಿ.”

ನಾಗಪುರದ ಹತ್ತಿರದ ಮೌದಾದಲ್ಲಿರುವ ಮಗಳು ಸೌಜನ್ಯಾ ರಜೆಯ ದಿನ ಬಂದು ಈ ಜಗಳ ಕೇಳಿದಳು. ಧಂತೋಲಿಯ ಹೊಸ ಚಿಕಿತ್ಸೆಯ ಸುದ್ದಿ ತಂದವಳು ಅವಳೇ. ಅವಳ ಎದುರಿಗೇ ಕಾಶಿಬಾಯಿ ಕರಾರು ಹಾಕಿದಳು. ಅಲ್ಲಿ ಕಲಿತು ಹೊಸ್ತಿಲು, ಅಡ್ಡಪಟ್ಟಿ ಏನೇ ಬಂದರೂ ಬೀಳದೆ ದಾಟಿದರೆ ಬೀಗ ತೆಗೆಯುತ್ತಾಳೆ, ಒಬ್ಬನೇ ಹೋಗಲಿ. ಆಗದಿದ್ದರೆ ಪೋಹೆಯ ಗಾಡಿಯ ಮಾತನ್ನು ಈ ಮನೆಯಲ್ಲಿ ಯಾರೂ ಮತ್ತೆ ಎತ್ತಬಾರದು. ರುದ್ರಪ್ಪ “ಬರೋಬರ್ ಐತಿ,” ಎಂದ.

ಚಿಕಿತ್ಸೆ ನೋಡುವುದಕ್ಕೆ ವಿಚಿತ್ರವಾಗಿತ್ತು. ಚಾವಣಿಯಿಂದ ಇಳಿಬಿಟ್ಟ ಪಟ್ಟಿಗಳನ್ನು ಎದೆಗೆ, ತೊಡೆಗೆ ಬಿಗಿಯುತ್ತಾರೆ. ಎಡವಿದರೂ ಬೀಳುವ ಹಾಗಿಲ್ಲ. ಕಾಲಡಿ ಟ್ರೆಡ್‌ಮಿಲ್ಲಿನ ಪಟ್ಟೆ ಸರಿಯುತ್ತದೆ, ಎದುರಿಗೆ ಗೋಡೆಯಷ್ಟು ದೊಡ್ಡ ಪರದೆ. ಪರದೆಯಲ್ಲಿ ಒಂದು ಬೀದಿ. ಬೂಟಿಗೆ ಸಿಕ್ಕಿಸಿದ ಗುಂಡಿಯಂಥ ಸಾಧನದಿಂದ ಯಂತ್ರಕ್ಕೆ ಕಾಲಿನ ಚಲನೆ ತಿಳಿಯುತ್ತದೆ. ಬೀದಿಯಲ್ಲಿ ಎರಡು ಬೂಟುಗಳು ಮೂಡಿ, ಇವನು ಎತ್ತಿದಂತೆ ಎತ್ತುತ್ತವೆ, ಇಟ್ಟಂತೆ ಇಡುತ್ತವೆ. ದಾರಿಯಲ್ಲಿ ನೀರಿನ ಹೊಂಡ ಬರುತ್ತದೆ, ಅಡ್ಡ ಹಾಯುವ ಜನ ಬರುತ್ತಾರೆ.

“ಬರೀ ಕಾಲಿಗೆ ಕೆಲಸ ಕೊಟ್ರೆ ಸಾಲಲ್ಲ ಕಾಕು,” ಎಂದಳು ಧೃತಿ. “ನಡೀತಾ ನಡೀತಾನೇ ಮುಂದೆ ಏನಿದೆ ನೋಡ್ಬೇಕು, ಯೋಚ್ನೆ ಮಾಡ್ಬೇಕು. ಇವ್ರಿಗೆ ಎರಡೂ ಏಕ್ ಸಾಥ್ ಮಾಡೋದೇ ಕಷ್ಟ. ಅದನ್ನೇ ಇಲ್ಲಿ ಪ್ರಾಕ್ಟೀಸ್ ಮಾಡಿಸ್ತೀವಿ.”

ಮೊದಲ ವಾರ ರುದ್ರಪ್ಪ ಚೆನ್ನಾಗಿಯೇ ನಡೆದ. ಹೊಂಡಗಳನ್ನು ಬಳಸಿದ. ಎದುರಿಗೆ ಬಂದ ಪರದೆಯ ಮನುಷ್ಯನಿಗೆ “ಸರಕೋ ಭಾಯ್, ಸರಕೋ!” ಎಂದು ಗದರಿದ. ಆ ಮನುಷ್ಯ ಸರಿಯದೆ ಇವನನ್ನು ಹಾದು ಹೋದಾಗ, “ಕಲಿತವರಂಗ ಕಾಣ್ತಾನ, ರೀತಿ ಇಲ್ಲ,” ಎಂದು ಹೆಂಡತಿಗೆ ದೂರು ಹೇಳಿದ.

ಮುಂದಿನ ವಾರ ಧೃತಿ ದಾರಿಗೆ ಅಡ್ಡಹಲಗೆಗಳನ್ನು ಬಿಟ್ಟಳು. ಕೆಂಪು ಬಣ್ಣದ, ಮೊಣಕಾಲಿಗಿಂತ ತಗ್ಗಾದ ಹಲಗೆ ಬೀದಿಯ ಆ ತುದಿಯಿಂದ ತೇಲುತ್ತ ಬಂತು.

“ಕಾಕಾ, ಕಾಲು ಎತ್ತಿ, ದಾಟಿ!”

ರುದ್ರಪ್ಪ ನಿಂತ. ಪಟ್ಟೆ ಹಿಂದಕ್ಕೆ ಎಳೆಯುತ್ತಿದ್ದರೂ ನಿಂತ. ನಿಂತದ್ದಷ್ಟೇ ಅಲ್ಲ, ಸೊಂಟ ಬಗ್ಗಿಸಿ, ನಡುಗುವ ಬೆರಳುಗಳನ್ನು ಬೂಟಿನ ಲೇಸಿನ ಕಡೆ ಚಾಚಿದ. ಪಟ್ಟಿಗಳು ಬಿಗಿದುಕೊಂಡವು. ಅವನು ತೊಟ್ಟಿಲಿನಂತೆ ತೂಗಿ ಹಿಂದಕ್ಕೆ ಹೋದ, ಧೃತಿ ಓಡಿಬಂದು ಯಂತ್ರ ನಿಲ್ಲಿಸಿದಳು.

ಮತ್ತೆ ಪ್ರಯತ್ನಿಸಿದರೂ ಅದೇ. ಮರುದಿನವೂ ಅದೇ.

“ಫ್ರೀಜ್ ಆಗ್ತಿದಾರೆ ಕಾಕು. ಈ ರೋಗದಲ್ಲಿ ಆಗತ್ತೆ, ಕಾಲು ಅಂಟಿಕೊಳ್ಳತ್ತೆ.”

ಕಾಶಿಬಾಯಿ ಗಂಡನ ಕಾಲುಗಳನ್ನೇ ನೋಡುತ್ತಿದ್ದಳು. ರೋಗ ಹಿಡಿದು ನಿಲ್ಲಿಸಿದಾಗ ಗಂಡನ ಹಿಮ್ಮಡಿ ಅದುರುವುದನ್ನು ಅವಳು ಬಲ್ಲಳು, ಕಣ್ಣಲ್ಲಿ ತುಂಬುವ ಹೆದರಿಕೆಯನ್ನೂ ಬಲ್ಲಳು. ಇಲ್ಲಿ ಹಿಮ್ಮಡಿ ಅದುರಲಿಲ್ಲ, ಕಣ್ಣು ಶಾಂತವಾಗಿತ್ತು. ಇದು ನಿಂತುಹೋದವನ ನಿಲುವಲ್ಲ, ತಾನಾಗಿ ನಿಂತವನ ನಿಲುವು.

“ಹಾಗಾದ್ರೆ ಹಲಗೆ ಬಿಟ್ಟುಬಿಡೋಣ್ವಾ? ನೀರು, ಜನ, ಇಷ್ಟೇ ಇಡೋಣ,” ಎಂದಳು ಧೃತಿ.

“ಬ್ಯಾಡ. ನಮ್ಮ ಮನಿಗೆ ಹೊಸ್ತಿಲ ಐತಿ,” ಎಂದು ಕಾಶಿಬಾಯಿ ಚೀಲ ಎತ್ತಿಕೊಂಡಳು.

ಮನೆಗೆ ಮರಳುವ ಆಟೋದಲ್ಲಿ ಕೇಳಿದಳು.

“ಬೂಟ ಯಾಕ ಬಿಚ್ಚಾಕ ಹೋದ್ರಿ?”

“ಹೊರಗಿನ ಬೂಟ ಇದ್ವು.”

“ಅದು ಚಿತ್ರರೀ. ಟೀವಿಯೊಳಗಿನ ಚಿತ್ರ.”

“ಗೊತ್ತೈತಿ.”

“ಗೊತ್ತಿದ್ರ ದಾಟಾಕ ಏನ ಧಾಡಿ?”

ರುದ್ರಪ್ಪ ರಸ್ತೆಯ ಕಡೆ ಮುಖ ಮಾಡಿದ. ಆಟೋ ಅಂಬಾಝರಿ ಕೆರೆಯ ಹತ್ತಿರ ಬಂತು. ಆಮೇಲೆ, “ನಿನಗ ಆಣಿ ಕೊಟ್ಟೇನಿ,” ಎಂದ.

“ನನಗ? ಯಾವ ಆಣಿ?”

“ಮರತಿ? ಲಿಂಗ ಮುಟ್ಟಿಸಿದ್ದಿ.”

ಕಾಶಿಬಾಯಿಗೆ ಆಗ ನೆನಪಾಯಿತು. ಸವದತ್ತಿಯ ಕಡೆಯಿಂದ ಮದುವೆಯಾಗಿ ಬಂದ ವರ್ಷ. ಮರಾಠಿಯೂ ಬಾರದು, ಹಿಂದಿಯೂ ಬಾರದು. ಒಂದು ಮಧ್ಯಾಹ್ನ ನೆಲ ನಡುಗಿ, ಅಟ್ಟದ ಮೇಲಿನ ಪಾತ್ರೆಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಓಣಿಯ ಹೆಂಗಸರು ಕಾರ್ಖಾನೆಯ ಕಡೆ ಓಡಿದರು. ಇವಳೂ ಚಪ್ಪಲಿಯಿಲ್ಲದೆ ಅವರ ಹಿಂದೆ ಓಡಿದಳು. ಸಿಡಿದದ್ದು ಕಾರ್ಖಾನೆಯಲ್ಲ, ಎಲ್ಲೋ ಕಲ್ಲುಗಣಿಯಲ್ಲಿ ಬಂಡೆ ಸಿಡಿಸಿದ್ದರು. ಸಂಜೆ ರುದ್ರಪ್ಪ ಊಟದ ಡಬ್ಬಿ ಹಿಡಿದು ಎಂದಿನಂತೆ ಬಂದ. ಅವಳು ಅನ್ನ ಬಡಿಸಲಿಲ್ಲ. ಒಳಗೆ ಹೇಗೆ ಹೋಗುತ್ತೀರಿ, ಹೇಗೆ ಬರುತ್ತೀರಿ ಎಂದು ಎಲ್ಲ ಕೇಳಿ ತಿಳಿದು, ಕೊರಳ ಅರಿವೆಯ ಗಂಟನ್ನು ಅವನ ಕೈಗೆ ಹಿಡಿಸಿ ಆಣೆ ಮಾಡಿಸಿದಳು: ಅವಸರವಿರಲಿ, ಸಾಹೇಬನೇ ಹೇಳಲಿ, ಹೊರಗಿನ ಬೂಟಿನಲ್ಲಿ ಕೆಂಪು ಹಲಗೆ ದಾಟುವುದಿಲ್ಲ. ಆಮೇಲೆ ಬಡಿಸಿದಳು.

ಆಮೇಲೆ ಮಗಳಾದಳು, ಮನೆಯಾಯಿತು, ಅವಳು ಮರಾಠಿಯಲ್ಲಿ ಜಗಳವಾಡುವಷ್ಟು ಮರಾಠಿ ಕಲಿತಳು. ಆಣೆ ಹಾಕಿಸಿಕೊಂಡವಳಿಗೆ ಅದು ಮರೆತೇಹೋಯಿತು. ಆಣೆ ಕೊಟ್ಟವನು ಮಾತ್ರ ದಿನ ಬೆಳಗಾದರೆ ಹಲಗೆಯ ಮೇಲೆ ಕುಳಿತು ಅದನ್ನು ನೆನೆದಿದ್ದ.

“ಅದು ಕಾರ್ಖಾನಿ ಮಾತಲ್ರಿ. ಈಗ ಯಾತರ ಆಣಿ?”

“ಕಾರ್ಖಾನಿ ಬಿಟ್ಟೆ. ಆಣಿ ಯಾರು ಬಿಡಿಸ್ಯಾರ?”

ಅವಳಿಗೆ ಸಿಟ್ಟು ಬಂತು. ಇಂಥ ಮೊಂಡನನ್ನು ಕಟ್ಟಿಕೊಂಡೆನಲ್ಲ ಎನ್ನಿಸಿತು. ಆದರೆ ಈ ಮೊಂಡತನವೇ ಪ್ರತಿ ಸಂಜೆ ಅವನನ್ನು ಊಟದ ಡಬ್ಬಿಯ ಸಮೇತ ಮನೆಗೆ ತಂದುಬಿಟ್ಟದ್ದು ಎಂಬುದೂ ಹೊಳೆಯದೆ ಇರಲಿಲ್ಲ. ಆಟೋದವನಿಗೆ ನಿಧಾನ ಹೋಗೆಂದು ಹೇಳಿ, ಸೆರಗನ್ನು ಸರಿಮಾಡಿಕೊಂಡಳು.

ಅವಳ ತವರಿನಲ್ಲಿ ಆಣೆ ಇಳಿಸುವುದಕ್ಕೆ ಒಂದು ಕ್ರಮವಿತ್ತು. ಆಣೆ ಹಾಕಿಸಿಕೊಂಡವರೇ ಅಂಗೈಯಲ್ಲಿ ನೀರು ಹಿಡಿದು, ಆಣೆ ಕೊಟ್ಟವರ ಪಾದದ ಮೇಲೆ ಬಿಡಬೇಕು, ಬಾಯಿ ಬಿಟ್ಟು ಹೇಳಬೇಕು. ಕಟ್ಟಿದ ಜಾಗದಲ್ಲಿ ಬಿಚ್ಚಬೇಕೆಂಬ ನಿಯಮವಿಲ್ಲ. ಎಲ್ಲಿ ಆಣೆ ಅಡ್ಡ ಬಂದಿತೋ ಅಲ್ಲಿ ಬಿಚ್ಚಬೇಕು. ಹಾಗಾಗಿ ಮುಂದಿನ ಸಲ ಚಿಕಿತ್ಸಾಲಯಕ್ಕೆ ಹೋಗುವಾಗ ಕಾಶಿಬಾಯಿ ತಂಬಿಗೆಯಲ್ಲಿ ನೀರು ತುಂಬಿ ಸೆರಗಿನ ಮರೆಯಲ್ಲಿ ಒಯ್ದಳು. ರುದ್ರಪ್ಪ ಯಂತ್ರ ಹತ್ತಿ ನಿಂತ ಮೇಲೆ ತಂಬಿಗೆ ಹೊರಗೆ ತೆಗೆದಳು.

“ಅರೇ ಕಾಕು! ಪಾನಿ ನಹೀ, ಪಾನಿ ನಹೀ! ಮಷೀನ್‌ಗೆ ಕರೆಂಟ್ ಇದೆ!” ಧೃತಿ ಎರಡೂ ಕೈ ಚಾಚಿ ಯಂತ್ರಕ್ಕೆ ಅಡ್ಡ ನಿಂತಳು.

“ಎರಡ ಹನಿ ಅಷ್ಟ ಹಾಕ್ತೀನಿ ತಂಗಿ.”

“ಒಂದು ಹನಿ ಕೂಡ ಇಲ್ಲ!”

ಕಾಶಿಬಾಯಿ ವಿಷಯ ಹೇಳಿದಳು, ಕೇಸು ಒಪ್ಪಿಸುವ ವಕೀಲರ ಧಾಟಿಯಲ್ಲಿ, ಕಲ್ಲುಗಣಿಯಿಂದ ಹಿಡಿದು. ಕೇಳುತ್ತ ಕೇಳುತ್ತ ಧೃತಿಯ ಕೈಗಳು ಕೆಳಗಿಳಿದವು. ಅವಳು ಒಳಗೆ ಹೋಗಿ ನೆಲ ಒರೆಸುವವರ ನೀಲಿ ಪ್ಲಾಸ್ಟಿಕ್ ಟಬ್ ತಂದು ಯಂತ್ರದಿಂದ ದೂರ, ಕಿಟಕಿಯ ಹತ್ತಿರ ಇಟ್ಟಳು. ರುದ್ರಪ್ಪನನ್ನು ಇಳಿಸಿ, ಕುರ್ಚಿಯಲ್ಲಿ ಕೂರಿಸಿ, ಬೂಟು ಕಾಲುಚೀಲ ತಾನೇ ಬಿಚ್ಚಿದಳು.

ಟಬ್ಬಿನಲ್ಲಿ ಆ ಎರಡು ಪಾದಗಳು ಬೆಳ್ಳಗೆ ಕಂಡವು. ಕಾರ್ಖಾನೆಯ ಬೂಟಿನೊಳಗೆ ಬಿಸಿಲು ಕಾಣದೆ ಬೆಳೆದ ಪಾದಗಳು. ಕಾಶಿಬಾಯಿ ಅಂಗೈಯ ನೀರನ್ನು ಬಿಟ್ಟಳು.

“ನಾ ಹಾಕಿಸಿದ ಆಣಿ ನಾ ಇಳಿಸೇನಿ. ಇನ್ನ ಮ್ಯಾಲ ಎಂಥಾ ಬೂಟರ ಇರಲಿ, ಎಂಥಾ ಹಲಗಿಯರ ಇರಲಿ, ನೀವು ದಾಟಬೇಕು.” ಅಂಗೈ ಒರೆಸಿಕೊಳ್ಳುತ್ತ, “ಬಿದ್ರ ಮಾತ್ರ ನನ್ನ ಕಡೆ ನೋಡಬ್ಯಾಡ್ರಿ,” ಎಂದು ಸೇರಿಸಿದಳು.

ರುದ್ರಪ್ಪ ಕೊರಳ ಅರಿವೆಯನ್ನು ಕಣ್ಣಿಗೆ ಒತ್ತಿಕೊಂಡ. “ನೀರು ಭಾಳ ತಣ್ಣಗ ಐತಿ,” ಎಂದ.

“ಇದು ಯಾವ ಥೆರಪಿ ಕಾಕು?” ಧೃತಿ ಪಾದ ಒರೆಸುತ್ತ ಕೇಳಿದಳು.

“ನಮ್ಮ ಕಡೇದು.”

ಅಂದು ಕೆಂಪು ಹಲಗೆ ಬಂದಾಗ ರುದ್ರಪ್ಪನ ಕೈ ಲೇಸಿನ ಕಡೆ ಹೋಗಲಿಲ್ಲ. ಬಲಗಾಲು ಎದ್ದಿತು, ಗಾಳಿಯಲ್ಲಿ ನಡುಗಿತು, ಆಚೆ ಬಿತ್ತು. ಪರದೆಯಲ್ಲಿ ಹಿಮ್ಮಡಿ ಹಲಗೆಯ ಅಂಚಿಗೆ ತಾಗಿ ಯಂತ್ರ ಕೀ ಎಂದಿತು.

“ತಾಗ್ತು!” ಅವನು ಬೆಚ್ಚಿ, ಏನೋ ಸಿಡಿಯಲಿದೆ ಎಂಬಂತೆ ಭುಜ ಕುಗ್ಗಿಸಿದ.

“ತಾಗಲಿ ಕಾಕಾ! ಏನೂ ಆಗಲ್ಲ! ಮುಂದೆ ನೋಡಿ, ಇನ್ನೊಂದು ಬರ್ತಿದೆ!”

ಆಣೆ ಇಳಿದರೆ ರೋಗವೂ ಇಳಿಯುತ್ತದೆ ಎಂದು ಇಲ್ಲಿ ಬರೆದರೆ ಅದು ಸುಳ್ಳಾಗುತ್ತದೆ. ನಿಂತವನು ಈಗ ಹೊರಡಲು ಒಪ್ಪಿದ್ದ, ಅಷ್ಟೇ. ನಡೆಯುವುದನ್ನು ಇನ್ನು ಕಲಿಯಬೇಕಿತ್ತು. ವಾರಗಟ್ಟಲೆ ಕಲಿತ. ಎಡವಿದ, ಪಟ್ಟಿಗಳಲ್ಲಿ ತೂಗಿದ, ಬೆವರಿದ. ಬಾಗಿಲು ಬಂದಾಗ ಗಾಬರಿಯಾಗಬಾರದು, ಎರಡೂ ಪಾದ ಊರಿ ನಿಲ್ಲಬೇಕು, ಮೈಭಾರವನ್ನು ಒಂದು ಕಾಲಿಗೆ ಕೊಟ್ಟು ಇನ್ನೊಂದನ್ನು ಎತ್ತರಕ್ಕೆ ಎತ್ತಬೇಕು, ಇದನ್ನು ಧೃತಿ ಹೇಳಿಕೊಟ್ಟಳು. ನಿಂತು, ಕ್ರಮ ನೆನೆದು, ಆಮೇಲೆ ದಾಟುವುದು ಅವನ ಸ್ವಭಾವಕ್ಕೆ ಹೊಂದುವ ಪಾಠವೇ ಆಗಿತ್ತು. ಮಾತ್ರೆಯ ಬಲ ಇಳಿದ ಹೊತ್ತಿನಲ್ಲಿ ಕಾಲು ಈಗಲೂ ಮೆತ್ತಿಕೊಳ್ಳುತ್ತಿತ್ತು. ಇದು ಬಿಟ್ಟುಹೋಗುವ ರೋಗವಲ್ಲ, ಅಭ್ಯಾಸ ಬಿಡಬೇಡಿ ಎಂದು ಧೃತಿ ಕೊನೆಯ ದಿನ ಸ್ಪಷ್ಟವಾಗಿಯೇ ಹೇಳಿದಳು. ಹೇಳಿ, ಬಗ್ಗಿ ಅವನ ಪಾದ ಮುಟ್ಟಿ ನಮಸ್ಕರಿಸಿದಳು.

ಮನೆಯ ಹೊಸ್ತಿಲನ್ನು ರುದ್ರಪ್ಪ ಈಗ ಬೀಳದೆ ದಾಟುತ್ತಿದ್ದ. ಹಾಗಿದ್ದೂ ಕಾಶಿಬಾಯಿ ಬೀಗ ತೆಗೆಯಲಿಲ್ಲ. ಇಂದು ಬಿಸಿಲು ಜಾಸ್ತಿ, ನಾಳೆ ರಸ್ತೆ ಅಗೆದಿದ್ದಾರೆ, ಮರುದಿನ ನಾಯಿಗಳ ಕಾಟ. ಅವನು ವಾದಿಸಲಿಲ್ಲ. ಬೆಳಿಗ್ಗೆ ಮುಖ ಕ್ಷೌರ ಮಾಡಿಕೊಂಡು, ಬಿಳಿಯ ಅಂಗಿ ತೊಟ್ಟು, ಕಿಟಕಿಯ ಬಳಿ ಕುಳಿತುಕೊಳ್ಳುತ್ತಿದ್ದ.

ಒಂದು ದಿನ ಗೇಟಿನ ಮುಂದೆ ಸ್ಕೂಟರ್ ನಿಂತಿತು.

“ಕಾ ಬೇ ರುದ್ರ್ಯಾ, ಜೈಲ್ ಮೆ ಹೈ ಕ್ಯಾ?” ವಾನಖೇಡೆಯ ಗಂಟಲು ಓಣಿಗೆಲ್ಲ ಕೇಳಿಸಿತು. “ವಹಿನಿ, ಇವನಿಗೆ ಜಾಮೀನು ಯಾವಾಗ?”

ಕಾಶಿಬಾಯಿ ಪಡಸಾಲೆಗೆ ಬಂದಳು. ರುದ್ರಪ್ಪ ಕುರ್ಚಿಯಿಂದ ಎದ್ದು ನಿಂತಿದ್ದ.

“ಕಾಶಿ,” ಎಂದ ಅವನು, ಹೊರಗಿನವನಿಗೆ ಕೇಳದ ದನಿಯಲ್ಲಿ. “ಮದ್ದಿನ ಕಾರ್ಖಾನಿಗೆ ಇಷ್ಟ ವರ್ಷ ಬುತ್ತಿ ಕಟ್ಟಿ ಕಳಿಸಿದಿ. ಪೋಹೆ ಗಾಡಿಗೆ ಕಳಸಾಕ ಹೆದರ್ತಿ?”

ಆ ದಿನಗಳಲ್ಲಿ ಹೆದರಿರಲಿಲ್ಲವೇ? ದಿನವೂ ಹೆದರಿದ್ದಳು. ಹೆದರುತ್ತಲೇ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಬಾಗಿಲು ತೆರೆದು ಕಳಿಸಿದ್ದಳು. ಆಗ ಇದ್ದ ಧೈರ್ಯ ಈಗ ಎಲ್ಲಿ ಹೋಯಿತೆಂದು ತನ್ನನ್ನೇ ಗದರಿಕೊಂಡು, ಸೊಂಟದಿಂದ ಕೀಲಿ ತೆಗೆದಳು.

“ಸ್ಕೂಟರ್ ಮ್ಯಾಲ ಹತ್ತಿಸಿದ್ರ ನೋಡ್ರಿ ಭಾವೂಜಿ,” ಎಂದು ಬೀಗ ತೆರೆಯುತ್ತ ವಾನಖೇಡೆಗೆ ಮರಾಠಿಯಲ್ಲಿ ಎಚ್ಚರಿಸಿದಳು. “ಅವರು ನಡಕೊಂಡ ಬರ್ತಾರ. ನೀವು ಮುಂದ ಹೋಗ್ರಿ.”

ರುದ್ರಪ್ಪ ಹೊಸ್ತಿಲ ಮುಂದೆ ನಿಂತ, ಪಾದ ಊರಿದ, ದಾಟಿದ. ಗೇಟಿನ ಹಳಿಯ ಮುಂದೆ ಮತ್ತೆ ನಿಂತ, ದಾಟಿದ. ಓಣಿಯ ಗೋಡೆಯ ಪಕ್ಕಕ್ಕೆ ಅವನ ಬಿಳಿಯ ಅಂಗಿ ನಿಧಾನವಾಗಿ ಸರಿಯಿತು. ಕಾಶಿಬಾಯಿ ತರಕಾರಿಯ ಚೀಲ ತೆಗೆದುಕೊಂಡು ಹಿಂದೆ ಹೊರಟಳು, ಎರಡು ಮನೆ ದಾಟಿ ನಿಂತಳು, ಮರಳಿ ಬಂದಳು. ಬೆಳಗಿದ ಪಾತ್ರೆಗಳನ್ನೇ ಮತ್ತೆ ಬೆಳಗಿದಳು. ಮಧ್ಯೆ ಮಗಳ ಫೋನು ಬಂತು. “ಅಪ್ಪ ಎಲ್ಲಿ?” “ಹೊರಗ ಹೋಗ್ಯಾರ,” ಎಂದಳು. ಎಷ್ಟೋ ತಿಂಗಳ ಮೇಲೆ ಆಡಿದ ಆ ಮಾತು ಅವಳ ನಾಲಿಗೆಗೇ ಹೊಸದಾಗಿ ಕಂಡಿತು.

ಬಿಸಿಲು ಅಂಗಳಕ್ಕೆ ಇಳಿದ ಮೇಲೆ ಅವನು ಬಂದ. ದಣಿದಿದ್ದ, ಅಂಗಿಯ ಎದೆಯ ಮೇಲೆ ತರ್ರಿಯ ಕೆಂಪು ಕಲೆ ಅಂಗೈಯಗಲ ಹರಡಿತ್ತು.

“ಇಷ್ಟೊತ್ತು ಏನ್ ಮಾಡಾಕತ್ತಿದ್ರಿ? ಊಟದ ಹೊತ್ತಾತು, ಮಾತ್ರಿ ಹೊತ್ತಾತು, ಮನ್ಯಾಗ ಒಬ್ಬಾಕಿ ಅದಾಳ ಅನ್ನೂ ನೆನಪರ ಐತೇನ ಇಲ್ಲ?”

“ವಾನಖೇಡೆ ಎರಡನೇ ಪ್ಲೇಟ್ ಹಾಕ್ಸಿದ.”

“ಹಾಕ್ಸಿದ್ರ ತಿಂದಬಿಡೂದೇನ? ಡಾಕ್ಟರ್ ಖಾರ ಕಮ್ಮಿ ಅಂದಾರ. ನೋಡ್ರಿ ಅಂಗಿ, ಹೋಳಿ ಆಡಿ ಬಂದಂಗ!”

ಅವಳು ಬೈಯುತ್ತಲೇ ಅವನ ಅಂಗಿಯ ಗುಂಡಿ ಬಿಚ್ಚಿದಳು, ಬೈಯುತ್ತಲೇ ಮಾತ್ರೆ, ನೀರು ಕೊಟ್ಟಳು. ರುದ್ರಪ್ಪ ಗೋಡೆಗೆ ಒರಗಿ ಕುಳಿತು, ಅಷ್ಟನ್ನೂ ತೃಪ್ತಿಯಿಂದ ಕೇಳಿಸಿಕೊಂಡ. ಕಾಶಿಬಾಯಿ ಅಂಗಿಯನ್ನು ಸಾಬೂನಿನ ನೀರಿನಲ್ಲಿ ಅದ್ದಿ, ಕಲೆಯನ್ನು ಒಮ್ಮೆ ಉಜ್ಜಿ ನೋಡಿ, ಒಳಗಿನಿಂದಲೇ ಕೂಗಿ ಹೇಳಿದಳು:

“ನಾಳಿಗೆ ಆ ಕರೇ ಚೌಕಡಿ ಅಂಗಿ ಹಾಕ್ಕೊಂಡ ಹೋಗ್ರಿ. ಇದರ ಕಲಿ ಹೋಗೂದಿಲ್ಲ.”